ಸ್ನೇಹಕ್ಕೂ ದೋಷಸಾಮ್ಯ ನೋಡಬೇಕು

ಮದುವೆಗೆ ಜಾತಕ ನೋಡುವ ಕ್ರಮ ನಮ್ಮಲ್ಲಿ ಉಂಟು. ಹುಡುಗನಿಗೆ ಕುಜದೋಷ ಇದ್ದರೆ ಹುಡುಗಿಗೂ ಕುಜದೋಷ ಇರಬೇಕು, ಎರಡು ದೋಷ ಸೇರಿದರೆ ದೋಷವೇ ಇಲ್ಲ ಎಂಬುದು ಶಾಸ್ತ್ರ. ಕೇರಳ ಪದ್ಧತಿಯ ಜೋಯಿಸರು ಇದನ್ನೇ ಪಾಪಸಾಮ್ಯ ಎಂದು ಲೆಕ್ಕ ಹಾಕಿ, ಇವನ ಪಾಪ ಇಷ್ಟು, ಅವಳದ್ದು ಇಷ್ಟು, ಸರಿಹೋಯಿತು ಎಂದು ಬರೆದುಕೊಡುತ್ತಾರೆ. ಎರಡೂ ಪದ್ಧತಿಯ ಜೋಯಿಸರಿಗೆ ದಕ್ಷಿಣೆ ಕೊಟ್ಟು ರೂಢಿಯಿರುವ ನೆಕ್ರಾಜೆಯಲ್ಲಿ ಈ ತತ್ವವನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ. ಆದರೆ ಅದನ್ನೇ ಗೆಳೆತನಕ್ಕೆ ಅನ್ವಯಿಸಿ ನೋಡಿ. ಜನರ ಮುಖ ನೋಡಿ ಮಾತಾಡಲು ಕಷ್ಟಪಡುವ ಹುಡುಗ ಅಂಥದೇ ಇನ್ನೊಬ್ಬನ ಪಕ್ಕದಲ್ಲಿ ಹೋಗಿ ಕುಳಿತರೆ, ಜಗಲಿಯಲ್ಲಿದ್ದ ಅಷ್ಟೂ ಜನ ಒಂದೇ ಮಾತು ಹೇಳುತ್ತಾರೆ: "ಇವನಿಗೆ ಅವನೇ ಸಿಕ್ಕಿದ್ದಾ ಮಾರಾಯ?"

ಈ ವೈರುಧ್ಯವನ್ನು ನಾನು ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ಪದವಿ ಇಲ್ಲ. ಇಂಥ ಹುಡುಗರಿಗೆ ಈವರೆಗೆ ಸಲಹೆ ಕೊಟ್ಟ ಯಾರಿಗೂ ಇರಲಿಲ್ಲವಾದ್ದರಿಂದ ಅರ್ಹತೆಯ ಪ್ರಶ್ನೆ ಏಳುವುದಿಲ್ಲ.

ಕ್ಷೇತ್ರ ಪರಿಚಯವನ್ನು ಬೇಗ ಮುಗಿಸುತ್ತೇನೆ. ನೆಕ್ರಾಜೆ ಕಾಸರಗೋಡು ತಾಲೂಕಿನ ಒಂದು ಗ್ರಾಮ. ಚೆರ್ಕಳದಿಂದ ಕಲ್ಲಡ್ಕದ ರಸ್ತೆ ಹಿಡಿದು ಎಡನೀರು ದಾಟಿದರೆ ನೆಲ್ಲಿಕಟ್ಟೆ, ಅಲ್ಲೇ ನಮ್ಮ ಊರು. ಅಡಿಕೆ, ತೆಂಗು, ಕರಿಮೆಣಸು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ಸಭೆಯಲ್ಲೂ ಸ್ವಾಗತ ಭಾಷಣದವರು ಹೇಳುತ್ತಾರೆ. ಸಂಶೋಧಕನಿಗೆ ಅದರ ಅರ್ಥ ಇಷ್ಟೇ: "ಎಲ್ಲಿಗೆ ಹೊರಟದ್ದು?" ಎಂಬ ಪ್ರಶ್ನೆಯಿಂದ ಇಲ್ಲಿ ಏಳು ಭಾಷೆಗಳಲ್ಲಿ ತಪ್ಪಿಸಿಕೊಳ್ಳಬೇಕು.

ಈಗ ಪ್ರಚಲಿತ ಸಿದ್ಧಾಂತ. ಸುಮ್ಮನಿರುವ ಮಗುವನ್ನು ಮಾತಿನಮಲ್ಲರ ನಡುವೆ ಬಿಡಬೇಕು, ಆಗ ಅದು ತನ್ನಿಂದ ತಾನೇ ಸರಿಯಾಗುತ್ತದೆ ಎಂದು ಹಿರಿಯರು ನಂಬುತ್ತಾರೆ. ಎಳೆ ಅಡಿಕೆ ಸಸಿಯ ನೆರಳಿಗೆ ಬಾಳೆ ನೆಡುವ ಹಾಗೆ, ಗೆಳೆಯರನ್ನೂ ನೆಡುತ್ತಾರೆ. ಒಳ್ಳೆಯದೇ. ಆದರೆ ಅಡಿಕೆ ಸಸಿ ಮುಂದೆ ಬಾಳೆಯಾಗಲಿ ಎಂದು ನೆಟ್ಟ ಕೃಷಿಕ ನಮ್ಮ ಪಂಚಾಯತಿನಲ್ಲಂತೂ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲರಿಗೂ ಗೊನೆಯೇ ಬೇಕು.

ಈ ಚಿಕಿತ್ಸೆಯನ್ನು ಪೂರ್ತಿ ಅವಧಿಗೆ ಪಡೆದ ಒಬ್ಬರು ನನ್ನ ಅಧ್ಯಯನದಲ್ಲಿದ್ದಾರೆ. ಅವರನ್ನು ಬಸ್ಸಿನ ಭಾವ ಎಂದು ಕರೆಯೋಣ. ಕಾಸರಗೋಡಿನಿಂದ ಪುತ್ತೂರಿಗೆ ಹೋಗುವ ಪ್ರತಿ ಬಸ್ಸಿನ ಸಮಯ, ಅದು ಯಾವ ತಿರುವಿನಲ್ಲಿ ಎಷ್ಟು ತಡ ಮಾಡುತ್ತದೆ, ಯಾವ ಚಾಲಕನಿದ್ದರೆ ತಡ ಮಾಡುವುದಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠ. ಚಿಕ್ಕಂದಿನಲ್ಲಿ ಇವರನ್ನು ಸರಿಮಾಡಲು ಹಿರಿಯರು ಪ್ರತಿ ಜೆಂಬರದಲ್ಲಿ, ಎಂದರೆ ಮದುವೆ ಮುಂಜಿಯಂಥ ಸಮಾರಂಭದಲ್ಲಿ, ನಾಲ್ಕು ಜನರ ನಡುವೆ ಕೂರಿಸಿ "ಮಾತಾಡು, ಮಾತಾಡು" ಎನ್ನುತ್ತಿದ್ದರು. ಮಾತಾಡಿದರು. ಬಸ್ಸಿನ ಬಗ್ಗೆ. "ಅದಲ್ಲ, ಬೇರೆ ಎಂಥಾದ್ರೂ ಮಾತಾಡು" ಎಂದರು. ಬೇರೆ ಎಂದರೆ ಯಾವುದು ಎಂದು ಇವರು ಕೇಳಿದರು. ಚಿಕಿತ್ಸೆ ಅಲ್ಲಿಗೆ ನಿಂತಿತು.

ಸರಿ ಇರುವವರು ಎಂದು ನಾವು ಕರೆಯುವವರ ಲಕ್ಷಣಗಳನ್ನು ನಮ್ಮಲ್ಲಿ ಯಾರೂ ಸರಿಯಾಗಿ ದಾಖಲಿಸದೇ ಇರುವುದು ಈ ಶಾಸ್ತ್ರದ ದೊಡ್ಡ ಕೊರತೆ. 1998ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ ಮಹಿಳೆಯೊಬ್ಬರು ಈ ಕೆಲಸಕ್ಕೆ ಕೈಹಾಕಿದರು. ಮಾಮೂಲಿ ಮಿದುಳಿನವರನ್ನು ಅಧ್ಯಯನ ಮಾಡುವ ಸಂಸ್ಥೆಯೊಂದನ್ನು ಅಂತರ್ಜಾಲದಲ್ಲಿ ಕಟ್ಟಿ, ವೈದ್ಯರು ತಮ್ಮಂಥವರ ಬಗ್ಗೆ ಬರೆಯುವ ಅದೇ ಭಾಷೆಯಲ್ಲಿ, ಅದೇ ಗಂಭೀರ ಮುಖದಲ್ಲಿ, ಮಾಮೂಲಿತನವನ್ನು ಒಂದು ಕಾಯಿಲೆಯೆಂದು ವರ್ಣಿಸಿದರು. ಕೆಲಸ ಚೆನ್ನಾಗಿತ್ತು. ನಮ್ಮ ಕಡೆಯ ರೋಗಿಗಳನ್ನು ಅವರು ನೋಡಿರಲಿಲ್ಲ, ಅಷ್ಟೆ.

ನೆಲ್ಲಿಕಟ್ಟೆಯಲ್ಲಿ ನೀವು ಬಸ್ಸಿಳಿದು, ಚೀಲ ಹೆಗಲಿಗೇರಿಸಿ ನಿಂತಿದ್ದೀರಿ. ರೋಗಿ ಎದುರು ಬಂದು ಕೇಳುತ್ತಾನೆ: "ಬಂದದ್ದಾ?" ಇಲ್ಲ ಎಂದರೆ ನಿಮ್ಮನ್ನು ವಿಚಿತ್ರ ಎನ್ನುತ್ತಾನೆ. ಹೌದು, ಹತ್ತು ನಲವತ್ತರ ಬಸ್ಸಿನಲ್ಲಿ ಬಂದೆ, ಅದು ಹನ್ನೆರಡು ನಿಮಿಷ ತಡ ಎಂದು ಕೇಳಿದ್ದಕ್ಕೆ ನಿಖರವಾಗಿ ಉತ್ತರಿಸಿದರೆ ಇನ್ನೂ ವಿಚಿತ್ರ ಎನ್ನುತ್ತಾನೆ. "ಎಂಥ ವಿಶೇಷ?" ಎಂದು ಕೇಳುವುದು ಎರಡನೆಯ ಲಕ್ಷಣ. ನಿಜವಾದ ವಿಶೇಷವನ್ನು ಹೇಳತೊಡಗಿದರೆ ರೋಗಿಯ ಕಣ್ಣು ಗಡಿಯಾರದ ಕಡೆ ಹೊರಳುತ್ತದೆ. "ಒಂದು ದಿನ ಮನೆಗೆ ಬನ್ನಿ" ಎನ್ನುತ್ತಾನೆ. ಯಾವ ದಿನ ಎಂದು ಕೇಳಿದರೆ ಗಾಬರಿಯಾಗುತ್ತಾನೆ. ಅತಿ ತೀವ್ರ ರೂಪ ಬೀಳ್ಕೊಡುವಾಗ ಕಾಣಿಸಿಕೊಳ್ಳುತ್ತದೆ. "ಹಾಗಾದ್ರೆ ಬರ್ತೇನೆ" ಎಂದು ಚಾವಡಿಯಲ್ಲಿ ಎದ್ದವನು ಜಗಲಿಯಲ್ಲಿ ನಿಂತು ಒಂದು ವಿಷಯ, ಮೆಟ್ಟಿಲಿನಲ್ಲಿ ಇನ್ನೊಂದು, ಅಂಗಳದಲ್ಲಿ ಮಗಳ ಮದುವೆಯ ವಿಷಯ, ಗೇಟಿನಲ್ಲಿ ಕೈಯಿಟ್ಟು ಮುಖ್ಯವಾಗಿ ಹೇಳಲು ಬಂದ ವಿಷಯ, ಹೀಗೆ ಹಂತಹಂತವಾಗಿ ಹೊರಡುತ್ತಾನೆ. ಯಾರೂ ಮಾತಾಡದ ಕೋಣೆಯಲ್ಲಿ ಇಂಥವರನ್ನು ಕೂರಿಸಿದರೆ ಒಂದೆರಡು ನಿಮಿಷದಲ್ಲಿ "ಭಾರಿ ಸೆಕೆ ಅಲ್ವಾ?" ಎನ್ನುತ್ತಾರೆ. ಜನವರಿಯಲ್ಲಿ ಕೂಡ.

ಗಮನಿಸಬೇಕಾದ ಅಂಶ: ಇವರು ಗೆಳೆಯರನ್ನು ಆರಿಸಿಕೊಳ್ಳುವುದು ತಮ್ಮಂಥವರಲ್ಲಿಯೇ. ಚಹಾದಂಗಡಿಯ ಬೆಂಚಿನಲ್ಲಿ ಸುಮ್ಮನಿರಲಾಗದ ಐವರು ದಿನಾ ಸಂಜೆ ಒಟ್ಟಿಗೆ ಕೂರುತ್ತಾರೆ. ಒಬ್ಬರಿಗೊಬ್ಬರು ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ಏಕಕಾಲಕ್ಕೆ ಮಾತಾಡುತ್ತಾರೆ, ಎಲ್ಲರಿಗೂ ಹಾಯೆನಿಸುತ್ತದೆ. ಇದು ದೋಷಸಾಮ್ಯದ ಶುದ್ಧ ಉದಾಹರಣೆ. ಇದನ್ನು ಊರಿನಲ್ಲಿ ಒಡನಾಟ ಎನ್ನುತ್ತಾರೆ. ಮನೆಯವರು ಯಾರೂ ಬಂದು "ನೀನು ಬೇರೆ ತರದವರ ಜೊತೆಗೂ ಸೇರಬೇಕು" ಎಂದು ಹೇಳಿದ್ದಿಲ್ಲ.

ಬಸ್ಸಿನ ಭಾವನಿಗೆ ನಲವತ್ತರ ಮೇಲೆ ಒಬ್ಬ ಗೆಳೆಯ ಸಿಕ್ಕಿದರು. ಇವರು ಧಾರಣೆ ಭಾವ. ಅಡಿಕೆ ಕೊಳ್ಳುವ ಸಹಕಾರ ಸಂಸ್ಥೆ ಕ್ಯಾಂಪ್ಕೊ ಯಾವ ದಿನ ಯಾವ ಅಡಿಕೆಗೆ ಎಷ್ಟು ಕೊಟ್ಟಿತು ಎಂಬುದನ್ನು, ಕೇಳಿದರೂ ಕೇಳದಿದ್ದರೂ, ಹಿಂದಕ್ಕೆ ಎಷ್ಟು ವರ್ಷ ಬೇಕಾದರೂ ಹೇಳಬಲ್ಲರು. ಅನುಪತ್ಯಗಳಲ್ಲಿ, ಎಂದರೆ ಜೆಂಬರಗಳಲ್ಲಿ, ಓಲಗ ಶುರುವಾದ ಕೂಡಲೇ ಎರಡೂ ಕಿವಿಗೆ ಬೆರಳಿಟ್ಟು ಹಿತ್ತಿಲಿಗೆ ಹೋಗುವವರು. ಆ ಹಿತ್ತಿಲಿನಲ್ಲಿ ಬಸ್ಸಿನ ಭಾವ ಮೊದಲೇ ನಿಂತಿದ್ದರು. ಪರಿಚಯ ಆದದ್ದು ಹಾಗೆ, ಅಥವಾ ಆಗದೇ ಉಳಿದದ್ದು ಹಾಗೆ; ಇಬ್ಬರೂ ಹೆಸರು ಕೇಳಿಕೊಂಡದ್ದು ಮೂರನೆಯ ಅನುಪತ್ಯದಲ್ಲಿ.

ಇವರ ಒಂದು ಭೇಟಿಯನ್ನು ನಾನು ಖುದ್ದಾಗಿ ವೀಕ್ಷಿಸಿದ್ದೇನೆ. ಮಧ್ಯಾಹ್ನದ ಹೊತ್ತು, ಧಾರಣೆ ಭಾವನ ಜಗಲಿ. ನಡುವೆ ಸುಲಿದ ಚಾಲಿ ಅಡಿಕೆಯ ರಾಶಿ. ಒಳ್ಳೆಯದು ಒಂದು ಕಡೆ, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಬೇರೆ ಬೇರೆ ಬುಟ್ಟಿಗೆ. ಇಬ್ಬರೂ ಕಾಲು ಚಾಚಿ ಕುಳಿತು, ಮುಖ ರಾಶಿಯ ಕಡೆ ಮಾಡಿ, ಕೈಗೆ ಬಂದದ್ದನ್ನು ನೋಡಿ ಬುಟ್ಟಿಗೆ ಎಸೆಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಬಸ್ಸಿನ ಭಾವ ಒಂದು ಅಡಿಕೆ ಎತ್ತಿ ಹಿಡಿದರು.

"ಕೋಕ."

"ಅಲ್ಲ ಭಾವ. ಉಳ್ಳಿ."

ಬಸ್ಸಿನ ಭಾವ ಅದನ್ನು ಬೆಳಕಿಗೆ ತಿರುಗಿಸಿ ನೋಡಿ, ಉಗುರಿನಿಂದ ಸಿಪ್ಪೆ ಒತ್ತಿ, "ಹೌದು" ಎಂದರು. ಅಡಿಕೆ ಉಳ್ಳಿಯ ಬುಟ್ಟಿಗೆ ಬಿತ್ತು. ಬೆಲ್ಲ ನೀರು ಬಂತು, ಕುಡಿದರು. ನಾಲ್ಕೂವರೆಗೆ ಬಸ್ಸಿನ ಭಾವ ಎದ್ದು, ಚಪ್ಪಲಿ ಮೆಟ್ಟಿ ಹೋದರು. ಧಾರಣೆ ಭಾವ ತಲೆ ಎತ್ತಲಿಲ್ಲ. ಒಳಗಿನಿಂದ ಬಂದ ಅಕ್ಕ ಕೇಳಿದರು, "ಅವರಿಗೆ ಎಂಥ, ಬೇಸರ ಆಯ್ತಾ? ಹೇಳದೆ ಹೋದರು?" ಧಾರಣೆ ಭಾವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾಲ್ಕೂ ನಲವತ್ತಕ್ಕೆ ಬಸ್ಸು ಇತ್ತು, ಹೋದರು, ಅದರಲ್ಲಿ ಹೇಳುವುದೇನು?

ಈ ಬಗೆಯ ಭೇಟಿಯ ಬಗ್ಗೆ ವಿಜ್ಞಾನ ತಡವಾಗಿ ಎಚ್ಚೆತ್ತಿತು. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವಿವರ ಬರೆದು ಆಟಿಸಂನತ್ತ ಜಗತ್ತಿನ ಗಮನ ಸೆಳೆದರು. ಅದಕ್ಕೂ 18 ವರ್ಷ ಮೊದಲು, 1925ರಲ್ಲಿ, ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಅಂಥದೇ ಆರು ಹುಡುಗರ ಬಗ್ಗೆ ವಿವರವಾಗಿ ಬರೆದಿದ್ದರು. ಬಹುಕಾಲ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎದುರಿನವರು ಹೇಳಿದ್ದು ಕಿವಿಗೆ ಬೀಳದಿರುವುದು ಯಾರ ಲಕ್ಷಣ ಎಂಬುದನ್ನು ವಿದ್ವಾಂಸರು ತೀರ್ಮಾನಿಸಲಿ. ಮುಂದೆ ಹತ್ತಾರು ವರ್ಷ, ಈ ಜನರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎಂಬ ಸಿದ್ಧಾಂತ ನಡೆಯಿತು. 2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಒಂದು ಸಣ್ಣ ಸಂಗತಿಯನ್ನು ಎತ್ತಿದರು: ಅವರಿಗೆ ನಿಮ್ಮ ಮನಸ್ಸು ಅರ್ಥವಾಗುವುದಿಲ್ಲ, ಒಪ್ಪಿದೆ, ನಿಮಗೆ ಅವರದ್ದು ಅರ್ಥವಾಗುತ್ತದೆಯೇ? ತೊಡಕು ಇಬ್ಬರ ನಡುವೆ ಇರುವಾಗ ಅದನ್ನು ಒಬ್ಬನ ತಲೆಯಲ್ಲಿ ಮಾತ್ರ ಹುಡುಕುವುದು ಏಕೆ? ಇದಕ್ಕೆ ಅವರು ಇಮ್ಮುಖ ಸಹಾನುಭೂತಿಯ ಸಮಸ್ಯೆ ಎಂಬಂಥ ಹೆಸರಿಟ್ಟರು. ನಮ್ಮ ಚಹಾದಂಗಡಿಗೆ ಅದು ಇನ್ನೂ ತಲುಪಿಲ್ಲ.

2020ರಲ್ಲಿ ಎಡಿನ್‌ಬರೋದ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಪ್ರಯೋಗವನ್ನೇ ಪ್ರಕಟಿಸಿದರು. ಎಂಟೆಂಟು ಜನರ ಸಾಲು. ಮೊದಲನೆಯವರಿಗೆ ಒಂದು ಕಥೆ ಹೇಳುವುದು, ಅವರು ಎರಡನೆಯವರಿಗೆ, ಹೀಗೆ ಎಂಟನೆಯವರ ತನಕ. ಆಟಿಸಂ ಇರುವವರದ್ದೇ ಸಾಲಿನಲ್ಲಿ ಕಥೆ ಎಷ್ಟು ಉಳಿಯಿತೋ, ಇಲ್ಲದವರ ಸಾಲಿನಲ್ಲೂ ಅಷ್ಟೇ ಉಳಿಯಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಮಾತ್ರ ಕಥೆ ಬೇಗ ಸವೆಯಿತು. ಎಂದರೆ ತಮ್ಮತಮ್ಮವರ ನಡುವೆ ಯಾರಿಗೂ ತೊಂದರೆ ಇಲ್ಲ.

ಸರಿ ಇರುವವರ ಸಾಲಿನ ಬಗ್ಗೆ ಮಾತ್ರ ಈ ಸಂಶೋಧಕರು ಸ್ವಲ್ಪ ಉದಾರವಾದರು ಎಂದು ನನಗೆ ಅನಿಸುತ್ತದೆ. ನಮ್ಮ ರಸ್ತೆಯಲ್ಲಿ ಈ ಪ್ರಯೋಗ ಯಾರ ಅನುದಾನವೂ ಇಲ್ಲದೆ ನಿತ್ಯ ನಡೆಯುತ್ತಿದೆ. ಒಬ್ಬರು ಜ್ವರವೆಂದು ಚೆರ್ಕಳದಲ್ಲಿ ಡಾಕ್ಟರ ಹತ್ತಿರ ಹೋದರೆ, ಸುದ್ದಿ ಎಡನೀರಿಗೆ ಬರುವಾಗ ಅಡ್ಮಿಟ್ ಆಗಿರುತ್ತಾರೆ, ನೆಲ್ಲಿಕಟ್ಟೆಯಲ್ಲಿ ಮಂಗಳೂರಿಗೆ ಬರೆದಿರುತ್ತಾರೆ, ಬದಿಯಡ್ಕದಲ್ಲಿ "ಮಕ್ಕಳಿಗೆಲ್ಲ ಹೇಳಿ ಕಳಿಸಿದ್ದಾರಂತೆ." ಇದೇ ಸುದ್ದಿಯನ್ನು ಬಸ್ಸಿನ ಭಾವ ಧಾರಣೆ ಭಾವನಿಗೆ ಹೇಳಿದ್ದು ಹೀಗೆ: "ಜ್ವರ. ನೂರಾ ಒಂದು. ಮಾತ್ರೆ ಕೊಟ್ಟಿದ್ದಾರೆ." ರೋಗಿ ಮೂರನೆಯ ದಿನ ಸೊಸೈಟಿಗೆ ಬಂದಾಗ ಆಶ್ಚರ್ಯಪಡದೆ ಇದ್ದವರು ಈ ಇಬ್ಬರೇ.

ನಮ್ಮ ಓದುಗರಿಗೆ ಇದೆಲ್ಲ ಎಡಿನ್‌ಬರೋದಿಂದ ಬರಬೇಕಾಗಿಯೂ ಇರಲಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮಲಯಾಳದ ಅರ್ಜಿ ಫಾರಂ ಹಿಡಿದು ಸರಕಾರಿ ಕಚೇರಿಯ ಸರತಿಯಲ್ಲಿ ನಿಂತ, ಮಲಯಾಳ ಓದಲು ಬಾರದ ಕನ್ನಡಿಗನನ್ನು ವೈದ್ಯರ ಕಣ್ಣಿನಿಂದ ನೋಡಿ. ಎದುರಿನವರ ಕಣ್ಣು ತಪ್ಪಿಸುತ್ತಾನೆ. ಒಂದೇ ಶಬ್ದದ ಉತ್ತರ ಕೊಡುತ್ತಾನೆ. ಅರ್ಥವಾಗದಿದ್ದರೂ ತಲೆಯಾಡಿಸುತ್ತಾನೆ. ಹೇಳಬೇಕಾದ ವಾಕ್ಯವನ್ನು ಮನೆಯಿಂದಲೇ ಉರುಹೊಡೆದು ಬಂದು, ಅವರು ಅನಿರೀಕ್ಷಿತವಾಗಿ ಏನಾದರೂ ಕೇಳಿದರೆ ಮೊದಲಿನಿಂದ ಶುರುಮಾಡುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಯಾರೋ "ಎಂಥ ಅಣ್ಣ, ಕನ್ನಡವಾ?" ಎನ್ನುತ್ತಾರೆ. ಕಾಯಿಲೆ ಕ್ಷಣದಲ್ಲಿ ಗುಣ. ಇಬ್ಬರೂ ಬದಿಗೆ ಹೋಗಿ ಊರು, ಮನೆತನ, ಬೆಳೆ ಎಲ್ಲ ವಿಚಾರಿಸಿಕೊಂಡು, ಫಾರಂ ತುಂಬುವುದನ್ನು ಮರೆತು ಬರುತ್ತಾರೆ. ಇದಕ್ಕೆ ಕನ್ನಡಾಭಿಮಾನ ಎಂದು ಹೆಸರು. ಸಂಘ ಕಟ್ಟಿ, ರಾಜ್ಯೋತ್ಸವಕ್ಕೆ ಹಾರ ಹಾಕುತ್ತೇವೆ.

ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದಾಗಲೆಲ್ಲ ಊರವರು, ಹೆತ್ತವರು ಬೀದಿಗಿಳಿದಿದ್ದಾರೆ. 2018ರಲ್ಲಿ ರಿಷಬ್ ಶೆಟ್ಟಿ ಈ ವಿಷಯವನ್ನೇ ಸಿನಿಮಾ ಮಾಡಿದರು, ಅದು ಚೆನ್ನಾಗಿಯೂ ಓಡಿತು. ಆ ಗಲಾಟೆಯಲ್ಲೆಲ್ಲ ಒಬ್ಬನೇ ಒಬ್ಬ ಹೆತ್ತವನೂ "ನನ್ನ ಮಗನಿಗೆ ಸಂವಹನದ ನ್ಯೂನತೆ ಇದೆ, ಅವನನ್ನು ಮಲಯಾಳದವರ ನಡುವೆ ಬಿಟ್ಟರೆ ಸರಿಯಾಗುತ್ತಾನೆ" ಎಂದು ಹೇಳಲಿಲ್ಲ. ಮಗುವಿಗೆ ಅದರ ಭಾಷೆಯವರು ಬೇಕು ಎಂದರು. ಅದೇ ಹೆತ್ತವರು ಮನೆಗೆ ಬಂದು, ಬಸ್ಸಿನ ಭಾಷೆ ಮಾತಾಡುವ ಮಗನನ್ನು ಜೆಂಬರದ ನಡುಮನೆಯಲ್ಲಿ ಕೂರಿಸಿದರು.

ಕಾನೂನಿನ ಸ್ಥಿತಿಯನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ. ಆಟಿಸಂ ಇದೆ, ಓದು ಬರಹದ ಕಲಿಕೆಯ ತೊಡಕೂ ಇದೆ. ಕಂಡಕಂಡವರನ್ನು "ಸಂಬಳ ಎಷ್ಟು?" ಎಂದು ಕೇಳುವುದು ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅದಕ್ಕೆ ಸರ್ಟಿಫಿಕೇಟು, ಬಸ್ ರಿಯಾಯಿತಿ ಯಾವುದೂ ಸಿಗುವುದಿಲ್ಲ, ಅವರ ಕಷ್ಟ ಅವರಿಗೆ. ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರನ್ನು ನೋಡಿ. ಒಬ್ಬರು ಇನ್ನೊಬ್ಬರನ್ನು "ಯಾಕೆ ಹೀಗಾಯ್ತು?" ಎಂದು ಕೇಳುವುದಿಲ್ಲ. ಊರಿನಲ್ಲಿ ಆ ಪ್ರಶ್ನೆ ಕೇಳದವರು ಅವರಿಗೆ ಬೇರೆ ಸಿಗಲಿಲ್ಲ. ಈ ಗೆಳೆತನವನ್ನು ನಾನು ನನ್ನ ವರ್ಗೀಕರಣದಿಂದ ಹೊರಗಿಟ್ಟಿದ್ದೇನೆ.

ನನ್ನ ಶಾಸ್ತ್ರದ ಆಧಾರಸ್ತಂಭ ಮಾತ್ರ ಮನೆಯ ಪಕ್ಕದಲ್ಲೇ ಇತ್ತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು, ಏಳು ಆರರ ಅಂತರದಲ್ಲಿ ತೀರ್ಪು ಕೊಟ್ಟರು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಎಡನೀರಿನ ಸ್ವಾಮೀಜಿಯ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಈ ತೀರ್ಪು ಗೆಳೆತನಕ್ಕೂ ಅನ್ವಯಿಸುತ್ತದೆ ಎಂಬುದನ್ನು ಯಾವ ವಕೀಲರೂ ಗಮನಿಸಿಲ್ಲ. ಗೆಳೆಯನಿಗೆ ತಿದ್ದುಪಡಿಯ ಅಧಿಕಾರ ಉಂಟು. ಅಂಗಿಯ ಗುಂಡಿ ತಪ್ಪಿದೆ ಎನ್ನಬಹುದು, ಅಡಿಕೆ ಕೋಕವಲ್ಲ ಉಳ್ಳಿ ಎನ್ನಬಹುದು. ನೀನು ನೀನಾಗಿರಬೇಡ ಎನ್ನುವ ಅಧಿಕಾರ ಇಲ್ಲ. ನೂರಕ್ಕೆ ನೂರು ಸಂವಿಧಾನಬದ್ಧ. ಅಂದಹಾಗೆ, ಆ ಮೊಕದ್ದಮೆಯಲ್ಲಿ ವಾದಿಸಿದ ನಾನಿ ಪಾಲ್ಖಿವಾಲಾ ಅವರೂ ಸ್ವಾಮೀಜಿಯವರೂ ಮುಖತಃ ಭೇಟಿಯಾಗಿಯೇ ಇರಲಿಲ್ಲ ಎನ್ನುತ್ತಾರೆ. ಇಷ್ಟು ದೊಡ್ಡ ಕೆಲಸ ಒಂದು "ಎಂಥ ವಿಶೇಷ?" ಇಲ್ಲದೆ ನಡೆಯಿತು.

ತಾಳಮದ್ದಳೆಯ ಬಗ್ಗೆಯೂ ನನ್ನದೊಂದು ಸಿದ್ಧಾಂತ ಇದೆ, ವಿದ್ವಾಂಸರು ಒಪ್ಪಲಿಕ್ಕಿಲ್ಲ. ಯಾರು ಯಾವಾಗ ಮಾತಾಡಬೇಕು ಎಂಬುದು ಅಲ್ಲಿ ಮೊದಲೇ ಗೊತ್ತು. ವಿಷಯ ಗೊತ್ತು. ಒಬ್ಬ ಮುಗಿಸುವ ತನಕ ಇನ್ನೊಬ್ಬ ಕಾಯುತ್ತಾನೆ. ಗಂಟೆಗಟ್ಟಲೆ ಒಂದೇ ವಿಷಯ ಮಾತಾಡಿದರೆ ಬೇಸರಿಸುವ ಬದಲು ಶಾಲು ಹೊದೆಸುತ್ತಾರೆ. ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಕೇಳಲು ತಡವರಿಸುವವರು ಕರ್ಣನಾಗಿ ಅರ್ಧ ರಾತ್ರಿ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ನಮ್ಮ ಹಿರಿಯರು ಇದನ್ನು ಯಾರಿಗಾಗಿ ಮಾಡಿಟ್ಟರು ಎಂಬುದು ಸ್ಪಷ್ಟ.

ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ತಜ್ಞನ ಧರ್ಮಕ್ಕೆ ಚ್ಯುತಿ. ದೋಷ ಒಂದೇ ಎಂದ ಮಾತ್ರಕ್ಕೆ ಸಾಮ್ಯ ಕೂಡಿ ಬರುವುದಿಲ್ಲ. ಗುಂಯ್ ಎಂದು ಹಾಡು ಗುನುಗಿದರೆ ಮಾತ್ರ ಮನಸ್ಸು ನೆಲೆಗೆ ಬರುವವನನ್ನು, ಸಣ್ಣ ಸದ್ದಿಗೂ ತಲೆ ಸಿಡಿಯುವವನ ಜೊತೆ ಕೂರಿಸಿದರೆ ಎರಡೂ ಜೀವಕ್ಕೆ ಹಿಂಸೆ. ಹೊತ್ತು ಮರೆಯುವವನೂ ನಿಮಿಷ ಎಣಿಸುವವನೂ ಗೆಳೆಯರಾದರೆ ಒಬ್ಬ ನೆಲ್ಲಿಕಟ್ಟೆಯಲ್ಲಿ ಕಾಯುತ್ತಲೇ ಇರುತ್ತಾನೆ. ಇಬ್ಬರಿಗೂ ಫೋನ್ ಎತ್ತುವ ಭಯವಿದ್ದರೆ ಗೆಳೆತನ ಆರು ತಿಂಗಳು ಮೌನವಾಗಿರುತ್ತದೆ, ಆದರೆ ಮುರಿಯುವುದಿಲ್ಲ. ಬಸ್ಸಿನ ಭಾವ ಮತ್ತು ಧಾರಣೆ ಭಾವ ಇಡೀ ಒಂದು ಮಳೆಗಾಲ ಮಾತಾಡದೆ ಇದ್ದು, ತುಲಾಮಾಸದಲ್ಲಿ ಕುಳಿತು ಬಿಟ್ಟಲ್ಲಿಂದ ಮುಂದುವರಿಸಿದರು. ಒಮ್ಮೆ ಇಬ್ಬರೂ ಧೈರ್ಯ ಮಾಡಿ ಒಂದು ದೊಡ್ಡ ಜಾತ್ರೆಗೆ ಹೊರಟಿದ್ದರು. ಕದಿನ ಸಿಡಿಮದ್ದಿನ ಸದ್ದು ಕೇಳಿದ ಕೂಡಲೇ ಗದ್ದೆಯ ಬದಿಯಿಂದಲೇ ವಾಪಸು ಬಂದರು. ಯಾಕೆ ಬಂದಿರಿ ಎಂದು ಒಬ್ಬರನ್ನೊಬ್ಬರು ಕೇಳಬೇಕಾಗಿ ಬರಲಿಲ್ಲ. ಆ ಜಾತ್ರೆ ಭಾರಿ ಚೆನ್ನಾಗಿತ್ತು ಎಂದು ಇಬ್ಬರೂ ಈಗಲೂ ಹೇಳುತ್ತಾರೆ.

ಬೇರೆ ಬಗೆಯ ಗೆಳೆಯರು ಇರಬಾರದು ಎಂದು ಶಾಸ್ತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ಮದುವೆ ಮನೆಯಲ್ಲಿ ಪಾಯಸ ಎಲ್ಲಿ ಬಡಿಸುತ್ತಿದ್ದಾರೆ ಎಂಬ ಮಾಹಿತಿ ಅವರಿಂದಲೇ ಬರಬೇಕು. ಬಂದವರನ್ನು ಉಪಚರಿಸುವ ಸುದರಿಕೆಗೂ ಅವರೇ ಬೇಕು. ಅವರನ್ನು ಕನಿಕರದಿಂದ ನೋಡಬೇಕು, ನಿಧಾನವಾಗಿ, ಒಂದೊಂದೇ ವಿಷಯ ಹೇಳಿಕೊಡಬೇಕು, ಕೆಲವರು ಸುಧಾರಿಸುತ್ತಾರೆ.

ಸಲಹೆ ಬೇಕಾದವರು ನೆಕ್ರಾಜೆಗೆ ಬರಬಹುದು. ಶುಲ್ಕ ಇಲ್ಲ. ಬರುವ ದಿನ ಮತ್ತು ಗಂಟೆಯನ್ನು ಕಾರ್ಡಿನಲ್ಲಿ ಮೊದಲೇ ಬರೆದು ತಿಳಿಸಬೇಕು, ಬರೆದ ಹೊತ್ತಿಗೇ ಬರಬೇಕು, "ಹೊರಡ್ತೇನೆ" ಎಂದ ಮೇಲೆ ಹೊರಡಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ.